ಅಡ್ಡಿಲ್ಲ ಸಾರ್ ಮತ್ತು ನನ್ನ ಬ್ರಶ್ಶು

ಸ್ಯಾಂಪಲ್ಲಿಗೆ ಹೆಸರಿರಬಾರದು ಎಂದು ಜೀವಮಾನವಿಡೀ ಹೇಳಿಕೊಂಡು ಬಂದವರ ಹೆಸರನ್ನು ನಾನು ಬರೆಯುವುದಾದರೂ ಹೇಗೆ? ಹೆಸರು ಗೊತ್ತಾದರೆ ಪರೀಕ್ಷೆ ಮಾಡುವವನ ಮನಸ್ಸು ಒಂದು ಕಡೆಗೆ ವಾಲುತ್ತದೆ ಅನ್ನುವುದು ಅವರ ವಾದ. ಹಾಗಾಗಿ ಅವರೂ ಇಲ್ಲಿ ಹೆಸರಿಲ್ಲದೆಯೇ ಬರಲಿ. ಚನ್ನಗಿರಿಯ ನಮ್ಮ ಬೀದಿಯಲ್ಲಿ ಅವರನ್ನು ಎದುರಿಗೆ ‘ಸಾರ್’ ಎಂದೂ, ಬೆನ್ನ ಹಿಂದೆ ‘ಅಡ್ಡಿಲ್ಲ ಸಾರ್’ ಎಂದೂ ಕರೆಯುತ್ತಿದ್ದರು. ಈ ಬೇಸಿಗೆಯಲ್ಲಿ ಅವರು ತೀರಿಕೊಂಡ ಮೇಲೆ ಎದುರಿಗೆ ಕರೆಯುವ ಹೆಸರು ಬಿದ್ದುಹೋಯಿತು, ಬೆನ್ನ ಹಿಂದಿನದು ಉಳಿದಿದೆ.

ಅವರು ಮೇಷ್ಟ್ರಲ್ಲ. ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದವರು. ಬಾಟಲಿ ತೊಳೆಯುವುದು, ದೀಪಕ್ಕೆ ಸ್ಪಿರಿಟ್ ತುಂಬುವುದು, ಹುಡುಗರು ಒಡೆದ ಗಾಜು ಗುಡಿಸುವುದು ಅವರ ಕೆಲಸ. ಆದರೆ ಅಷ್ಟು ವರ್ಷ ಲೆಕ್ಚರರುಗಳ ಹಿಂದೆ ನಿಂತು ನೋಡಿ ನೋಡಿ, ವಿಜ್ಞಾನ ಅನ್ನುವುದು ತನಗೂ ಅಂಟಿಕೊಂಡಿದೆ ಎಂದು ಅವರು ನಂಬಿದ್ದರು. ಅಂಟಿಕೊಂಡಿದ್ದಂತೂ ನಿಜ, ಅಂಟಿದ್ದು ಎಷ್ಟು ಅನ್ನುವುದೇ ಪ್ರಶ್ನೆ. ಕಾಲೇಜಿನಲ್ಲಿ ಅವರನ್ನು ಯಾರೂ ಸಾರ್ ಎಂದವರಲ್ಲ. ನಿವೃತ್ತಿಯಾಗಿ ನಮ್ಮ ಮನೆ ಎದುರಿಗೆ ಮನೆ ಕೊಂಡು ಬಂದ ದಿನವೇ ಬೀದಿಯವರೆಲ್ಲ ಸಾರ್ ಅಂದೆವು. ಅವರು ಬೇಡ ಅನ್ನಲಿಲ್ಲ.

ನನಗೆ ಅವರ ಪರಿಚಯ ಅದಕ್ಕೂ ಹಿಂದಿನದು. ನಾನು ಅದೇ ಲ್ಯಾಬಿನಲ್ಲಿ ಪಿಯುಸಿ ಓದಿದವನು. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಪ್ರತಿಯೊಬ್ಬನಿಗೂ ಒಂದು ಚಿಟಿಕೆ ಬಿಳಿ ಪುಡಿ ಕೊಡುತ್ತಾರೆ, ಅದು ಯಾವ ಸಾಲ್ಟು ಎಂದು ಕಂಡುಹಿಡಿಯಬೇಕು. ನಾನು ಬೆವರುತ್ತಾ ನಿಂತಿದ್ದೆ. ಇವರು ನೀರಿನ ಬಾಟಲಿ ಇಡುವ ನೆವದಲ್ಲಿ ಬಗ್ಗಿ, ಕಿವಿಯಲ್ಲಿ ‘ಜಿಂಕು’ ಎಂದರು. ದೇವರೇ ಬಂದು ಹೇಳಿದ ಹಾಗಾಯಿತು. ಸಂತೋಷದಿಂದ ಬರೆದೆ. ಅದು ಜಿಂಕಾಗಿರಲಿಲ್ಲ. ನಾನು ಥಿಯರಿಯಲ್ಲೂ ಹುಲಿಯೇನಾಗಿರಲಿಲ್ಲ ಅನ್ನುವುದು ಬೇರೆ ಮಾತು, ಒಟ್ಟಿನಲ್ಲಿ ಕೆಮಿಸ್ಟ್ರಿಯಲ್ಲಿ ನಪಾಸಾಗಿ ಅಬ್ಬಾನ ಮರ ಕಡೆಯುವ ಲೇತಿಗೆ ಬಂದು ನಿಂತೆ. ಮುಂದೆ ಯಾವಾಗಲೋ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಕೇಳಿದೆ. ಅವರು ಸ್ವಲ್ಪವೂ ಅಳುಕದೆ ನನ್ನನ್ನೇ ಸಮಾಧಾನ ಮಾಡಿದರು. “ನಾನು ಹೇಳಿದ್ದು ಸರಿ ಐತೆ ರಫೀಕ. ಬಾಟ್ಲಿ ತಪ್ಪಿತ್ತು.”

ಇಂಥವರು ಎದುರುಮನೆಗೆ ಬಂದರೆ ಸುಮ್ಮನೆ ಕೂರುತ್ತಾರೆಯೇ? ಹಳೆಯ ಇಂಕಿನ ಬಾಟಲಿಗೆ ಬತ್ತಿ ತೂರಿಸಿ ಸ್ಪಿರಿಟ್ ದೀಪ ಮಾಡಿಕೊಂಡರು. ಅಂಗಿ ಜೇಬಿನಲ್ಲಿ ಸದಾ ಒಂದು ಚಿಮಟ. ಬೀದಿಯಲ್ಲಿ ಜೇನುತುಪ್ಪ ಮಾರುವವನು ಬಂದರೆ ಬತ್ತಿ ಅದ್ದಿ ಹಚ್ಚುವರು. ಹಾಲಿನವನು ಬಂದರೆ ಹೆಬ್ಬೆರಳ ಉಗುರಿನ ಮೇಲೆ ಒಂದು ಹನಿ ಬಿಟ್ಟು ಓರೆ ಮಾಡುವರು. ಹೊಸ ಛತ್ರಿ ಕೊಂಡವರು ಅದನ್ನು ಬಿಚ್ಚಿ ಅವರ ಕಟ್ಟೆ ಕೆಳಗೆ ನಿಲ್ಲಬೇಕು, ಮೇಲಿಂದ ಇವರು ಒಂದು ಬಿಂದಿಗೆ ನೀರು ಸುರಿಯುವರು. ಯಾವ ಲೋಟ ಕಂಡರೂ ಮೊಣಕಾಲು ಬಗ್ಗಿಸಿ, ಒಂದು ಕಣ್ಣು ಮುಚ್ಚಿ, ಮಟ್ಟವನ್ನು ಕಣ್ಣಿನ ನೇರಕ್ಕೆ ತಂದುಕೊಂಡು ಓದುವುದು ಅವರ ಅಭ್ಯಾಸ. ಹೋಟೆಲಿನಲ್ಲಿ ಬೈ-ಟು ಚಹಾ ಹೇಳಿದರೆ ಎರಡೂ ಲೋಟಗಳ ಮುಂದೆ ನಮಾಜಿಗೆ ಬಗ್ಗಿದವರ ಹಾಗೆ ಬಗ್ಗಿ ನೋಡಿ, ಕಮ್ಮಿ ಇದ್ದದ್ದನ್ನು ಎದುರಿನವನಿಗೆ ತಳ್ಳುತ್ತಿದ್ದರು.

ಒಂದು ಮದುವೆಯಲ್ಲಿ ಹುಡುಗಿಯ ರೇಷ್ಮೆ ಸೀರೆಯ ಸೆರಗಿನಿಂದ ಒಂದು ಎಳೆ ಕಿತ್ತು ಊದುಬತ್ತಿಗೆ ಹಿಡಿದಿದ್ದರು. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ, ಕರಗಿ ಮಣಿಯಾದರೆ ನೈಲಾನು. ಮಣಿಯಾಯಿತು. ಆಗಿದ್ದು ಆಗಿಹೋಯಿತು, ಬಾಯಿ ಮುಚ್ಚಿಕೊಂಡು ಊಟಕ್ಕೆ ಕೂರಬಹುದಿತ್ತು. ಇವರು ಆ ಮಣಿಯನ್ನು ಅಂಗೈಲಿಟ್ಟುಕೊಂಡು ಗಂಡಿನ ಅಪ್ಪನಿಗೇ ತೋರಿಸಿದರು. ಅಂದು ಅಜ್ಜಿ, ಅಂದರೆ ಅವರ ಮನೆಯವರು, ಗಂಡನ ತೋಳು ಹಿಡಿದು ಊಟವಿಲ್ಲದೆ ಮನೆಗೆ ಕರಕೊಂಡು ಬಂದರು. ದಾರಿಯಲ್ಲಿ ಪಾಪ, “ಹಸಿವಾಗೈತೆ ಕಣೆ” ಅಂದರಂತೆ.

ಅವರು ಕೊಡುವ ಫಲಿತಾಂಶ ಮೂರು ಬಗೆ. ಏನೂ ಮಾತಾಡದೆ ವಸ್ತುವನ್ನು ವಾಪಸ್ಸು ಕೊಟ್ಟರೆ ಅದು ಕಸ. “ನೋಡಾಣ” ಅಂದರೆ ಫೇಲು. “ಅಡ್ಡಿಲ್ಲ” ಅಂದರೆ ಫಸ್ಟ್ ಕ್ಲಾಸು. ‘ಚೆನ್ನಾಗೈತೆ’ ಅನ್ನುವ ಮಾತು ಅವರ ಬಾಯಿಂದ ಬಂದದ್ದನ್ನು ಯಾರೂ ಕೇಳಿಲ್ಲ. ಅಳಿಯ ಅಡ್ಡಿಲ್ಲ, ಮೊಮ್ಮಗಳು ಅಡ್ಡಿಲ್ಲ, ಅಜ್ಜಿ ಅಷ್ಟು ವರ್ಷ ಬೇಯಿಸಿ ಹಾಕಿದ್ದೂ ಅಡ್ಡಿಲ್ಲ. ಚೆನ್ನಾಗೈತೆ ಅಂದುಬಿಟ್ಟರೆ ಪರೀಕ್ಷೆ ಮುಗಿದುಹೋಗುತ್ತದೆ, ವಿಜ್ಞಾನಿಗೆ ಪರೀಕ್ಷೆ ಮುಗಿಯಬಾರದು ಎಂದು ಒಮ್ಮೆ ನನಗೆ ವಿವರಿಸಿದ್ದರು.

ಇನ್ನು ನನ್ನ ಬ್ರಶ್ಶಿನ ವಿಷಯ. ಅಬ್ಬಾನ ಕಾಲದಲ್ಲಿ ನಮ್ಮ ಲೇತಿನಲ್ಲಿ ತೊಟ್ಟಿಲ ಗುಂಡು, ಮಂಚದ ಕಾಲು, ಲಟ್ಟಣಿಗೆ, ಕಡೆಗೋಲು, ಬುಗುರಿ ಎಲ್ಲ ಆಗುತ್ತಿದ್ದವು. ನನ್ನ ಕಾಲಕ್ಕೆ ಬಂದಿದ್ದು ಲಟ್ಟಣಿಗೆ ಒಂದೇ. ಸಂತೇಬೆನ್ನೂರಿನ ಸಂತೆಯಲ್ಲಿ ನನ್ನ ಪಕ್ಕದಲ್ಲೇ ಒಬ್ಬ ಪ್ಲಾಸ್ಟಿಕ್ ಸಾಮಾನು ಹರಡಿಕೊಂಡು ಕೂರುತ್ತಿದ್ದ. ಅವನ ಮುಂದೆ ಜನ, ನನ್ನ ಮುಂದೆ ನೊಣ. ಮನೆಯಲ್ಲಿ ಹೆಂಡತಿ ಶಾಹೀನಾಗೆ ಸೀರೆಗೆ ಪಿಕೋ ಮಾಡುವ ಮಿಷನ್ ತರುವ ಆಸೆ. ಅದಕ್ಕೆ ಬೆಳಕಿರುವ ಜಾಗ ಬೇಕು, ಮನೆಯಲ್ಲಿ ಬೆಳಕಿರುವ ಒಂದೇ ಮೂಲೆಯಲ್ಲಿ ನನ್ನ ಲೇತು ಕೂತಿತ್ತು.

ಹೊನ್ನಾಳಿಯಲ್ಲಿ ನನ್ನ ಗೆಳೆಯನೊಬ್ಬ ಸಲೂನ್ ಇಟ್ಟಿದ್ದಾನೆ. ಪ್ಲಾಸ್ಟಿಕ್ ಹಿಡಿಯ ಶೇವಿಂಗ್ ಬ್ರಶ್ಶುಗಳು ಬಹಳ ಬೇಗ ಮುರಿಯುತ್ತವೆ, ಮರದ್ದೊಂದು ಮಾಡಿಕೊಡು, ಆದರೆ ಮೊದಲು ಯಾರಾದರೂ ಬಳಸಿ ನೋಡಲಿ, ಆಮೇಲೆ ನಾನೂ ತಗೋತೀನಿ, ನಮ್ಮವರಿಗೂ ಹೇಳ್ತೀನಿ ಎಂದ. ಹಳೆಯ ಜಾಲಿಮರದ ಒನಕೆಯೊಂದು ಅಟ್ಟದ ಮೇಲಿತ್ತು. ಅದರ ತುಂಡು ಕಡಿದು ಲೇತಿಗೆ ಕಟ್ಟಿ, ಹಿಡಿಗೆ ಸೊಂಟ ಕೊಟ್ಟು, ಅರಗು ಸವರಿ, ಎರಡು ಕೆಂಪು ಗೆರೆ ಎಳೆದೆ. ಕುಚ್ಚಿಗೆ ಏನು ಹಾಕುವುದು? ಹಂದಿ ಕೂದಲಿನದು ನಮ್ಮ ಮನೆಯಲ್ಲಿ ಮುಟ್ಟುವಂತಿಲ್ಲ. ಎದುರುಮನೆಯಂಥ ಮನೆಗಳಲ್ಲಿ ಯಾವ ಪ್ರಾಣಿಯದೂ ಆಗುವುದಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಸಿಂಥೆಟಿಕ್ ಎಳೆಯ ಕುಚ್ಚನ್ನು ಮೊಬೈಲಿನಲ್ಲಿ ತರಿಸಿ, ಹಿಡಿಯ ತಲೆಯಲ್ಲಿ ತೂತು ಕೊರೆದು ಅಂಟು ಹಾಕಿ ಕೂರಿಸಿದೆ. ನನ್ನ ಹೊಟ್ಟೆಯ ಮೇಲೆ ಹೊಡೆದ ಪ್ಲಾಸ್ಟಿಕ್ಕನ್ನೇ ತಲೆ ಮೇಲೆ ಹೊತ್ತ ಹಾಗಾಯಿತು. ಆದರೂ ಕೈಯಲ್ಲಿ ಹಿಡಿದಾಗ ಅದು ಗುಬ್ಬಿಮರಿಯ ಹಾಗೆ ಬೆಚ್ಚಗೆ ಕೂತಿತು. ನನಗೇ ನನ್ನ ಮೇಲೆ ಪ್ರೀತಿ ಬಂತು.

ಶಾಹೀನಾ ಅದನ್ನು ತಿರುಗಿಸಿ ನೋಡಿ ಒಂದು ಪಂದ್ಯ ಹಾಕಿದಳು. ಎದುರುಮನೆ ಸಾರ್ ಅಡ್ಡಿಲ್ಲ ಅಂದರೆ ಲೇತು ಇದ್ದಲ್ಲೇ ಇರಲಿ. ಅನ್ನದಿದ್ದರೆ ಲೇತು ಗುಜರಿಗೆ, ಮೂಲೆ ಪಿಕೋ ಮಿಷನ್ನಿಗೆ. ಅವಳು ಬೀದಿಯಲ್ಲಿ ಬೇರೆ ಯಾರನ್ನಾದರೂ ಹೇಳಬಹುದಿತ್ತು. ಆರಿಸಿ ಆರಿಸಿ ಇವರನ್ನೇ ಹೇಳಿದ್ದು ಯಾಕೆ ಅನ್ನುವುದು ನನಗೂ ಗೊತ್ತು. ನಾನು ಒಪ್ಪಿದೆ. ಒಪ್ಪಿದ್ದಕ್ಕೆ ಪಂದ್ಯ ಒಂದೇ ಕಾರಣವಲ್ಲ. ಒಂದು ಸಲ ನನ್ನನ್ನು ಫೇಲ್ ಮಾಡಿಸಿದ ಬಾಯಿಂದಲೇ ಪಾಸು ಅನ್ನಿಸಿಕೊಳ್ಳಬೇಕೆಂಬ ಹಟ ಒಳಗೆಲ್ಲೋ ಇತ್ತು.

ಬ್ರಶ್ಶು ಹಿಡಿದು ಹೋದರೆ ಅವರು ಕೈಗೇ ತಗೊಳ್ಳಲಿಲ್ಲ. ಯಾರು ಮಾಡಿದ್ದು ಅಂತ ತನಗೆ ಗೊತ್ತಾಗಬಾರದಂತೆ. ಲೇತಿನ ಹೊಟ್ಟು ಇನ್ನೂ ನನ್ನ ಮೀಸೆಯ ಮೇಲಿತ್ತು. ಅವರು ಹೇಳಿದ ಹಾಗೆ ಬ್ರಶ್ಶನ್ನು ಕಟ್ಟೆಯ ಮೇಲಿಟ್ಟು, ನಮ್ಮ ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ಮತ್ತೆ ಬಾಗಿಲು ತೆಗೆದು ಬಂದು, “ಇದೇನ್ ಸಾರ್ ಇಲ್ಲಿ ಬಿದ್ದೈತೆ?” ಎಂದು ಕೇಳಿದೆ. “ಯಾರೋ ಸ್ಯಾಂಪಲ್ ಇಟ್ಟು ಹೋಗ್ಯಾರೆ. ನೋಡಾಕೆ ಟೈಮು ಹಿಡೀತೈತೆ” ಎಂದು ಗಂಭೀರವಾಗಿ ಎತ್ತಿಕೊಂಡು ಒಳಗೆ ಹೋದರು.

ಮೊದಲು ಬೆಂಕಿ. ಕುಚ್ಚಿನ ಪಕ್ಕದಿಂದ ಒಂದು ಎಳೆ ಕಿತ್ತು ಸುಟ್ಟರು. ಕರಗಿ ಮಣಿಯಾಯಿತು, ಪ್ರಾಣಿಯಲ್ಲ ಎಂದು ಘೋಷಿಸಿದರು. ಉಳಿದ ಎಳೆಗಳೂ ಪ್ರಾಣಿಯಲ್ಲ ಅನ್ನುವುದಕ್ಕೆ ಏನು ಸಾಕ್ಷಿ ಎಂದು ಮಾರನೆಯ ದಿನ ಇನ್ನೊಂದು, ಆಮೇಲೆ ಮತ್ತೊಂದು. ಕುಚ್ಚಿನ ಒಂದು ಪಕ್ಕ ಇಲಿ ಕಡಿದಂತೆ ಕಾಣತೊಡಗಿದಾಗ ಅಜ್ಜಿ ದೀಪವನ್ನು ಎತ್ತಿಟ್ಟರು. ಆಮೇಲೆ ನೀರು. ಚೊಂಬಿನಲ್ಲಿ ಮುಳುಗಿಸಿಟ್ಟು, ಹಿಡಿ ಊದುತ್ತದೆಯೇ, ಅರಗು ಬಿಡುತ್ತದೆಯೇ ಎಂದು ಆಗಾಗ ಬಗ್ಗಿ ನೋಡಿದರು. ಜಾಲಿಮರ ಮಿಸುಕಲಿಲ್ಲ. ಆಮೇಲೆ ನೊರೆ. ಬಟ್ಟಲಲ್ಲಿ ನೊರೆ ಎಬ್ಬಿಸಿ ಅದರಲ್ಲಿ ಬೆಂಕಿಕಡ್ಡಿ ನೆಟ್ಟು, ಅದು ವಾಲುವ ತನಕ ಕಾದು ಕೂತರು. ಕಡ್ಡಿ ವಾಲುವ ಮೊದಲು ಅವರೇ ಗೋಡೆಗೆ ವಾಲಿ ನಿದ್ದೆ ಹೋದರು. ಎದ್ದು ನೋಡಿದಾಗ ಕಡ್ಡಿ ಇರಲಿಲ್ಲ, ಅಜ್ಜಿ ಒಲೆ ಹಚ್ಚಲು ಒಯ್ದಿದ್ದರು. ಆ ಪ್ರಯೋಗ ಮತ್ತೆ ಮೊದಲಿನಿಂದ ಶುರುವಾಯಿತು.

ಮುಖ್ಯವಾದದ್ದು ಗಡ್ಡ ಹೆರೆಯುವುದು. ಅದಕ್ಕೆ ದಿನ ಸಿಗಬೇಕಲ್ಲ! ಸೋಮವಾರ ಶಿವನ ವಾರ, ಮಂಗಳವಾರ ಕತ್ತಿ ಮುಟ್ಟಬಾರದು, ಗುರುವಾರ ಗುರುಗಳದು, ಶುಕ್ರವಾರ ಲಕ್ಷ್ಮಿ ಹೋಗುತ್ತಾಳೆ, ಶನಿವಾರ ಹನುಮಪ್ಪ. ಶುಕ್ರವಾರ ಅಂದರೆ ನಾವು ಒಪ್ಪವಾಗಿ ತಯಾರಾಗುವ ದಿನ, ಅವರಿಗೆ ಅದೇ ದಿನ ಬ್ಲೇಡು ಕಂಡರಾಗದು. ಉಳಿದದ್ದು ಬುಧವಾರ, ಭಾನುವಾರ. ಬುಧವಾರ ಅಮಾವಾಸ್ಯೆ ಬಂತು. ಭಾನುವಾರದ ಹೊತ್ತಿಗೆ ಜಗಳೂರಿನ ದಾಯಾದಿಯೊಬ್ಬರು ತೀರಿಕೊಂಡು ಸೂತಕ ಬಂತು. ಸಾರ್ ಮುಖದಲ್ಲಿ ಬಿಳಿ ಗಡ್ಡ ಜೋಳದ ಕೂಳೆಯ ಹಾಗೆ ನಿಂತಿತು. ಇತ್ತ ಶಾಹೀನಾ ಮೂಲೆಯ ಉದ್ದಗಲವನ್ನು ಟೇಪಿನಲ್ಲಿ ಅಳೆಯುತ್ತಿದ್ದಳು, ನಾನು ಕೇಳಿದರೆ ಸುಮ್ಮನೆ ಅಂದಳು.

ಸೂತಕ ಕಳೆದ ಮೇಲೆ ಬಂದ ಬುಧವಾರ ನಾನು ಸಾಯುವ ತನಕ ಮರೆಯುವುದಿಲ್ಲ. ಸಾರ್ ಎಡಗೆನ್ನೆಗೆ ತಮ್ಮ ಹಳೆಯ ಬ್ರಶ್ಶಿನಲ್ಲೂ ಬಲಗೆನ್ನೆಗೆ ನನ್ನದರಲ್ಲೂ ನೊರೆ ಹಚ್ಚಿ ಹೆರೆದುಕೊಂಡು, ಮುಖ ತೊಳೆದು, ನೇರ ಹೋಟೆಲಿಗೆ ಹೋದರು. ಒಬ್ಬೊಬ್ಬರನ್ನೇ ಕಣ್ಣು ಮುಚ್ಚಿಸಿ ಎರಡೂ ಕೆನ್ನೆ ಮುಟ್ಟಿಸಿದರು. ಅಡಿಕೆ ವ್ಯಾಪಾರಿ ಮುಟ್ಟಿದ, ಆಟೋದವನು ಮುಟ್ಟಿದ, ಸವಳಂಗದ ಬಸ್ಸಿಗೆ ಕಾಯುತ್ತಿದ್ದ ಅಪರಿಚಿತನೊಬ್ಬ ಇದು ಯಾವುದೋ ಹರಕೆ ಇರಬೇಕೆಂದು ಭಕ್ತಿಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡ. ದೋಸೆ ಹಾಕುವವನು ಕೈ ಒರೆಸದೆ ಮುಟ್ಟಿದ್ದರಿಂದ ಅವನ ಮತ ಅಸಿಂಧುವಾಯಿತು. ಹೆಚ್ಚಿನವರು ಬಲಗೆನ್ನೆ ನುಣುಪು ಅಂದರು. ನಾನು ಮೂಲೆಯಲ್ಲಿ ಕೂತು ಚಹಾ ಕುಡಿಯುತ್ತ, ಎಲೆಕ್ಷನ್ನಿಗೆ ನಿಂತವನ ಹಾಗೆ ಎದೆ ಹಿಡಿದುಕೊಂಡಿದ್ದೆ.

ಆಗ ಅಡಿಕೆ ವ್ಯಾಪಾರಿ ಒಂದು ಮಾತು ಎತ್ತಿದ. ಹೊಸದು ಪ್ರಾಣಿಯದಲ್ಲ ಸರಿ, ನಿಮ್ಮ ಹಳೇದು ಯಾವುದರದು ಸಾರ್? ಇಡೀ ಊರಿನ ಎಳೆ ಸುಟ್ಟವರು ತಮ್ಮ ಬ್ರಶ್ಶಿನ ಎಳೆಯನ್ನು ಎಂದೂ ಸುಟ್ಟಿರಲಿಲ್ಲ. ಸುಡದೆ ಬಿಡುವಂತಿಲ್ಲ, ಮಾತಿನ ಪ್ರಶ್ನೆ. ಮನೆಗೆ ಬಂದು ಬೀದಿಯ ಎದುರೇ ಸುಟ್ಟರು. ಕೂದಲ ವಾಸನೆ ಘಮ್ಮೆಂದಿತು. ಯಾವ ಪ್ರಾಣಿ ಅಂತ ವಾಸನೆಯಲ್ಲಿ ತಿಳಿಯುವುದಿಲ್ಲ, ಮೇಕೆ ಇರಬಹುದು ಎಂದು ತೊದಲಿದರು. ಅಜ್ಜಿ ಮೇಕೆ ಕುದುರೆ ವಿಚಾರಿಸಲಿಲ್ಲ. ಇಷ್ಟು ವರ್ಷ ಪೂಜೆಗೆ ಮುಂಚೆ ಇದನ್ನಾ ಮುಖಕ್ಕೆ ಹಚ್ಚಿದ್ದು ಎಂದು ಅದನ್ನು ಕಡ್ಡಿಯಲ್ಲಿ ಎತ್ತಿ ತಿಪ್ಪೆಗೆ ಹಾಕಿಬಂದರು. ಅಲ್ಲಿಗೆ ಸಾರ್ ಮನೆಯಲ್ಲಿ ಉಳಿದದ್ದು ನನ್ನ ಬ್ರಶ್ಶು ಒಂದೇ.

ಇನ್ನು ಫಲಿತಾಂಶ ಹೇಳಲು ಏನಡ್ಡಿ? ಆದರೆ ಹೇಳಿಬಿಟ್ಟರೆ ಸ್ಯಾಂಪಲ್ ವಾಪಸ್ಸು ಕೊಡಬೇಕಲ್ಲ! ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗೆ, ಕೆನ್ನೆ ಒಪ್ಪಿದರೂ ಕೆನ್ನೆಯ ಯಜಮಾನ ಒಪ್ಪಲಿಲ್ಲ. ಕೇಳಿದಾಗಲೆಲ್ಲ ಇನ್ನೊಂದು ಪರೀಕ್ಷೆ ಬಾಕಿ ಐತೆ ಅನ್ನುವರು. ಭಾನುವಾರ, ಬುಧವಾರ ತಪ್ಪದೆ ನನ್ನ ಬ್ರಶ್ಶಿನಲ್ಲಿ ಗಡ್ಡ ಹೆರೆದುಕೊಂಡು ಫಳಫಳ ಮುಖದಲ್ಲಿ ಕಟ್ಟೆಗೆ ಬಂದು ಕೂರುವರು. ಶಾಹೀನಾ ಪಿಕೋ ಮಿಷನ್ನಿನವನಿಗೆ ಫೋನು ಮಾಡಿ ವಿಚಾರಿಸಿಯೂ ಆಯಿತು. ಗುಜರಿಯವನು ಬೀದಿಯಲ್ಲಿ ಕೂಗಿಕೊಂಡು ಹೋದರೆ ನಾನು ಎದ್ದು ಬಾಗಿಲು ಹಾಕುತ್ತಿದ್ದೆ. ಅಬ್ಬಾ ನಿಂತು ನಿಂತು ಸವೆದಿದ್ದ ಕಲ್ಲು ಇನ್ನೂ ಲೇತಿನ ಮುಂದೆ ಇತ್ತು. ಕೊನೆಗೆ ಕಟ್ಟೆಗೆ ಹೋಗಿ, ಈ ವಾರದೊಳಗೆ ಹೇಳಿಬಿಡಿ ಸಾರ್, ಇಲ್ಲದಿದ್ದರೆ ನನ್ನ ಲೇತು ಹೋಗುತ್ತದೆ ಎಂದು ಪಂದ್ಯದ ಕಥೆಯನ್ನೆಲ್ಲ ಹೇಳಿಬಿಟ್ಟೆ. ಅವರು ಎದ್ದು ಒಳಗೆ ಹೋದರು.

ಮರುದಿನದಿಂದ ಸಾರ್ ಕಟ್ಟೆಗೆ ಬರಲಿಲ್ಲ. ಬುಧವಾರವೂ ಮುಖ ಹೆರೆದಿರಲಿಲ್ಲ. ಕೇಳಿದರೆ ಬಾಗಿಲ ಸಂದಿಯಿಂದ ನೆಗಡಿ ಅಂದರು. ಅದಾದ ಮೇಲೆ ಜಗಳೂರಿನಿಂದ ಅವರ ತಮ್ಮನ ಮಗ ತಿಪ್ಪೇಶ ಬಂದ. ಈಗಿನ ಹುಡುಗರ ಫ್ಯಾಷನ್ನಿನಂತೆ ಎದೆ ಮುಟ್ಟುವ ಗಡ್ಡ ಬಿಟ್ಟವನು. ಬಂದವನು ದೊಡ್ಡಪ್ಪನ ಮನೆ ಬಿಟ್ಟು ನೇರ ನನ್ನ ಲೇತಿನ ಹತ್ತಿರ ಬಂದು ನಿಂತ.

“ರಫೀಕಣ್ಣ, ನನಗೊಂದು ಶೇವಿಂಗ್ ಬ್ರಶ್ಶು ಬೇಕಿತ್ತು. ದೊಡ್ಡಪ್ಪನ ಮನ್ಯಾಗೆ ಐತಲ್ಲ, ಅಂಥದ್ದೇ.”

ನಾನು ಅವನ ಗಡ್ಡ ನೋಡಿದೆ. ಅವನು ಅದನ್ನು ಕೈಯಲ್ಲಿ ಮುಚ್ಚಿಕೊಂಡ.

“ಮಾಡ್ಕೊಡ್ತೀನಿ. ಬ್ಯಾರೆ ಏನಾದ್ರೂ ಐತಾ?”

“ಒಂದು ಪಕ್ಕ ಒಂದಿಷ್ಟು ಎಳೆ ಕಿತ್ತಿರಬೇಕು.”

“ಯಾಕಪ್ಪ?”

“ಅದು ಹಂಗೇ, ಡಿಸೈನು.”

ಹುಡುಗನಿಗೆ ಒಂದು ಚಹಾ, ಎರಡು ಬನ್ನು ಕೊಡಿಸುವುದರೊಳಗೆ ಎಲ್ಲ ಹೊರಗೆ ಬಂತು. ದೊಡ್ಡವ್ವ ಅಡಿಗೆಮನೆಯ ಚೊಂಬಿನಲ್ಲಿದ್ದ ಬ್ರಶ್ಶನ್ನು ಕಂಡು, ದೋಸೆಗೆ ಬೆಣ್ಣೆ ಸವರಲು ಒಳ್ಳೇದಾಯಿತು ಅಂದುಕೊಂಡು, ಕಾದ ಕಾವಲಿಯ ಮೇಲೆ ಎಳೆದಳಂತೆ. ಸಿಂಥೆಟಿಕ್ ಎಳೆ ಕಾವಲಿ ಮುಟ್ಟಿದರೆ ಉಳಿಯುತ್ತದೆಯೇ? ಕರಗಿ ಕಾವಲಿಗೆ ಅಂಟಿತು. ನಮ್ಮ ದಾವಣಗೆರೆ ಸೀಮೆಯಲ್ಲಿ ಬೆಣ್ಣೆ ಕಂಡರೆ ಜನಕ್ಕೆ ಕಣ್ಣು ಮಂಜಾಗುತ್ತದೆ ನಿಜ, ಆದರೂ ಶೇವಿಂಗ್ ಬ್ರಶ್ಶಿನಲ್ಲಿ ಬೆಣ್ಣೆ ಹಚ್ಚಿದವರು ಅಜ್ಜಿಯೊಬ್ಬರೇ ಇರಬೇಕು. ಸ್ಯಾಂಪಲ್ಲನ್ನು ಕಾಯಬೇಕಾದವರೇ ಸ್ಯಾಂಪಲ್ ಕಳಕೊಂಡರು ಅಂತ ಬೀದಿಗೆ ಗೊತ್ತಾದರೆ ದೊಡ್ಡಪ್ಪನ ಮರ್ಯಾದೆ ಏನಾಗಬೇಕು, ಯಾರಿಗೂ ಹೇಳಬ್ಯಾಡ ಎಂದು ತಿಪ್ಪೇಶ ಬನ್ನಿನ ಮೇಲೆ ಕೈಯಿಟ್ಟು ಆಣೆ ಹಾಕಿಸಿಕೊಂಡ.

ನಾನು ರಾತ್ರಿಯೆಲ್ಲ ನಕ್ಕೆ. ಶಾಹೀನಾ ನಗಲಿಲ್ಲ, ಅವಳು ಬುದ್ಧಿವಂತೆ. ಕೆಟ್ಟ ಬ್ರಶ್ಶಿಗಾಗಿ ಯಾರೂ ಜಗಳೂರಿನಿಂದ ಕಳ್ಳನನ್ನು ಕರೆಸುವುದಿಲ್ಲ ಅನ್ನುವುದು ಅವಳಿಗೆ ತಕ್ಷಣ ಹೊಳೆದಿತ್ತು. ಅದೇ ಒನಕೆಯ ಇನ್ನೊಂದು ತುಂಡಿನಲ್ಲಿ ಅಂಥದ್ದೇ ಹಿಡಿ ಮಾಡಿದೆ. ಪಕ್ಕದ ಎಳೆಗಳನ್ನು ಸಾರ್ ಕಿತ್ತಷ್ಟೇ ಕಿತ್ತೆ. ಒಂದೇ ಒಂದು ತುಂಟತನ ಮಾಡಿದೆ. ಮೊದಲನೆಯದಕ್ಕೆ ಎರಡು ಕೆಂಪು ಗೆರೆ ಇತ್ತಲ್ಲ, ಇದಕ್ಕೆ ಮೂರು ಎಳೆದು ತಿಪ್ಪೇಶನ ಕೈಗೆ ಕೊಟ್ಟೆ.

ಭಾನುವಾರ ಬೆಳಿಗ್ಗೆ ಸಾರ್ ಫಳಫಳ ಮುಖದಲ್ಲಿ, ಸ್ಟೀಲ್ ತಟ್ಟೆಯಲ್ಲಿ ಬ್ರಶ್ಶಿಟ್ಟುಕೊಂಡು, ಬೀದಿ ದಾಟಿ ನಮ್ಮ ಮನೆಗೆ ಬಂದರು. ಅಕ್ಕಪಕ್ಕದ ನಾಲ್ಕು ಜನ ಸೇರಿದರು. ತಟ್ಟೆಯನ್ನು ಲೇತಿನ ಮೇಲಿಟ್ಟು, ಅಭ್ಯಾಸದಂತೆ ಮೊಣಕಾಲು ಬಗ್ಗಿಸಿ, ಒಂದು ಕಣ್ಣು ಮುಚ್ಚಿ, ಹಿಡಿಯನ್ನು ಕಣ್ಣಿನ ನೇರಕ್ಕೆ ತಂದುಕೊಂಡರು. ಅಲ್ಲಿಯೇ ನಿಂತರು. ಮುಚ್ಚಿದ ಕಣ್ಣೂ ತೆರೆಯಿತು. ಮೂರನೇ ಗೆರೆ ಕಂಡಿತ್ತು. ಹೇಳಿದರೆ ಬ್ರಶ್ಶು ಬೇರೆ ಅಂತ ತಾವೇ ಒಪ್ಪಿಕೊಂಡ ಹಾಗೆ, ಹೇಳದಿದ್ದರೆ ಜೀವಮಾನದಲ್ಲಿ ಮೊದಲ ಸಲ ಕಣ್ಣಿಗೆ ಕಂಡ ವ್ಯತ್ಯಾಸವನ್ನು ಬಿಟ್ಟುಕೊಟ್ಟ ಹಾಗೆ. ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ.

“ಗೆರೆ ಗಿರೆ ಎಲ್ಲ ಸರಿ ಅವಾ ಸಾರ್?” ಎಂದೆ, ಸುಮ್ಮನಿರಲಾರದೆ.

ಅವರು ನಿಧಾನಕ್ಕೆ ಎದ್ದು ನನ್ನ ಮುಖ ನೋಡಿದರು. ನಾನೂ ನೋಡಿದೆ. ನಾವಿಬ್ಬರೂ ಒಂದೇ ಬಾಟಲಿಯ ಮುಂದೆ ಮತ್ತೆ ನಿಂತಂತಿತ್ತು.

“ಅಡ್ಡಿಲ್ಲ” ಅಂದರು.

ಲೇತು ಉಳಿಯಿತು. ಶಾಹೀನಾ ಮಾತಿಗೆ ತಪ್ಪುವವಳಲ್ಲ. ಪಿಕೋ ಮಿಷನ್ ಬಂದದ್ದು ಬಂತು, ಮಲಗುವ ಕೋಣೆಯ ಕಿಟಕಿ ದೊಡ್ಡದು ಮಾಡಿಸಿ ಅಲ್ಲಿ ಕೂರಿಸಿದೆವು. ಹೊನ್ನಾಳಿಯ ಗೆಳೆಯ ಬ್ರಶ್ಶು ತರಿಸಿಕೊಂಡ, ಅವನಿಂದ ನ್ಯಾಮತಿಯ ಸಲೂನಿನವರಿಗೆ ತಿಳಿದು ಅವರೂ ಕೇಳಿದರು. ಜಗತ್ತನ್ನೇ ಗೆದ್ದೆ ಅನ್ನುವಂಥದ್ದೇನಲ್ಲ, ಲಟ್ಟಣಿಗೆಗೆ ಒಬ್ಬ ಜೊತೆಗಾರ ಸಿಕ್ಕಿದ ಅಷ್ಟೇ. ಆದರೆ ಪಂದ್ಯ ಸೋತವಳು ಸುಮ್ಮನೆ ಇರುವುದುಂಟೇ? ಬನ್ನಿನ ಆಣೆ ನನಗಿತ್ತು, ಅವಳಿಗಿರಲಿಲ್ಲ. ದೋಸೆಯ ಸುದ್ದಿ ಬೀದಿಗೆಲ್ಲ ಹಬ್ಬಿತು. ಸಾರ್ ಎದುರು ಯಾರೂ ತುಟಿ ಬಿಚ್ಚಲಿಲ್ಲ, ಅಜ್ಜಿ ಸಿಕ್ಕರೆ ಮಾತ್ರ ಬಿಡುತ್ತಿರಲಿಲ್ಲ. ಇವತ್ತು ದೋಸೆಗೆ ಸೋಪು ಎಷ್ಟು ಹಾಕಿದ್ರಿ ಅನ್ನುವರು. ಗಡ್ಡ ಇರೋ ದೋಸೆನಾ, ಇಲ್ಲದ್ದಾ ಅನ್ನುವರು. ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ನಕ್ಕು ಹೋಗುತ್ತಿದ್ದರು. ಸಾರ್‌ಗೆ ಆ ಹೊತ್ತಿಗೆ ಸರಿಯಾಗಿ ಕಿವಿ ಮಂದವಾಗುತ್ತಿತ್ತು.

ಅವರು ಕೊನೆಯ ತನಕ ಮೂರು ಗೆರೆಯ ಬ್ರಶ್ಶಿನಲ್ಲೇ ಹೆರೆದುಕೊಂಡರು. ಈ ಬೇಸಿಗೆಯ ಒಂದು ಭಾನುವಾರ ಹೆರೆದುಕೊಂಡು ಕಟ್ಟೆಗೆ ಬಂದು ಕೂತವರು, ಮಧ್ಯಾಹ್ನ ಊಟದ ಹೊತ್ತಿಗೆ ಇರಲಿಲ್ಲ. ಮುಖ ಹೊಳೆಯುತ್ತಿತ್ತು. ನನಗೆ ದುಃಖವಾಯಿತು, ಬಹಳ ದುಃಖವಾಯಿತು. ನನ್ನ ಅಬ್ಬಾನ ಮಣ್ಣಿನ ದಿನ ಅಷ್ಟು ಅತ್ತಿರಲಿಲ್ಲ ಎಂದು ಶಾಹೀನಾ ಆಮೇಲೆ ಹೇಳಿದಳು.

ಕಾರ್ಯವೆಲ್ಲ ಮುಗಿದು ನೆಂಟರು ಹೋದ ಮೇಲೆ ಅಜ್ಜಿ ಒಂದು ಬೆಳಿಗ್ಗೆ ನಮ್ಮಿಬ್ಬರನ್ನೂ ದೋಸೆಗೆ ಕರೆದರು. ಅರ್ಧ ಈರುಳ್ಳಿಯಲ್ಲಿ ಕಾವಲಿ ಸವರುತ್ತಿದ್ದರು. ಕಾವಲಿಯ ಅಂಚಿನಲ್ಲಿ ಕಪ್ಪಗೆ ಒಂದು ಕಲೆ ಇನ್ನೂ ಇತ್ತು. ನಾನು ಅದನ್ನು ನೋಡಿದ್ದನ್ನು ಅವರು ನೋಡಿದರು. ನಾನು ನಗೆಯಾಡುವ ಬದಲು, ಅಂದು ನಮ್ಮಿಂದ ನಿಮಗೆ ಬಹಳ ಮಾತು ಬಂತು ಅಜ್ಜಿ ಎಂದೆ. ಅವರು ದೋಸೆ ತಿರುವಿ ಹಾಕಿದರು.

“ಅದನ್ನ ಕಾವಲಿ ಮ್ಯಾಲೆ ಎಳೆದೋಳು ನಾನಲ್ಲಪ್ಪ. ಅವರೇ” ಅಂದರು.

ಶಾಹೀನಾಳ ಕೈಯಲ್ಲಿದ್ದ ದೋಸೆ ಚೂರು ಅಲ್ಲೇ ನಿಂತಿತು. ಅಜ್ಜಿ ಆತುರವಿಲ್ಲದೆ ಹೇಳಿದರು. ನಾನು ಲೇತಿನ ವಿಷಯ ಹೇಳಿದ ಸಂಜೆ ಸಾರ್ ಊಟ ಬಿಟ್ಟು ಕೂತಿದ್ದರಂತೆ. ಎಲ್ಲ ಪರೀಕ್ಷೆಯಲ್ಲೂ ಗೆದ್ದಿದೆ, ಎಲ್ಲಿ ಸೋಲುತ್ತದೆ ಅಂತ ತಿಳಿಯದೆ ಪಾಸು ಅಂದರೆ ಅದು ಮೋಸ, ಆ ಹುಡುಗನಿಗೆ ಹಿಂದೆ ಒಂದು ಸಲ ನೋಡದೆ ಹೇಳಿ ಕೆಡಿಸಿದ್ದೀನಿ ಅಂದರಂತೆ. ಬೆಳಿಗ್ಗೆ ಅಜ್ಜಿಯ ಕೈಲಿ ಕಾವಲಿ ಕಾಯಿಸಿ, ದೋಸೆ ಹೊಯ್ಯಿಸಿ, ಬ್ರಶ್ಶನ್ನು ಬೆಣ್ಣೆಗೆ ಅದ್ದಿ ತಾವೇ ಎಳೆದರಂತೆ. ಕರಗಿದ ಮೇಲೆ ಚಿಕ್ಕ ಮಗುವಿನ ಹಾಗೆ ನೆಲದ ಮೇಲೆ ಕೂತುಬಿಟ್ಟರಂತೆ.

“ನಾನೇ ಅಂದೆ, ನನ್ನ ಹೆಸರು ಹೇಳ್ರಿ ಅಂತ. ನನಗೇನು, ದೋಸೆ ಹೊಯ್ಯೋಳು. ನಕ್ಕರೆ ನಗ್ಲಿ. ಅವರನ್ನ ಸಾರ್ ಅಂದೋರು ಈ ಬೀದ್ಯಾಗಿನೋರು ಮಾತ್ರ, ಅದೊಂದು ಹೋಗಬಾರದಿತ್ತು.”

ಜಿಂಕಿನ ಮಾತು ಅಷ್ಟು ವರ್ಷ ಅವರ ಒಳಗೂ ಇತ್ತು ಅನ್ನುವುದೇ ನನಗೆ ಸಾಕಾಗಿತ್ತು. ಶಾಹೀನಾ ಕಣ್ಣೊರೆಸಿಕೊಂಡು, ಬೀದಿಗೆಲ್ಲ ಸುದ್ದಿ ಹರಡಿದ್ದು ತಾನೇ ಅಂದಳು. ಗೊತ್ತು ತಿನ್ನು ಎಂದು ಅಜ್ಜಿ ಅವಳ ತಟ್ಟೆಗೆ ಇನ್ನೊಂದು ದೋಸೆ ಹಾಕಿದರು. ಆಮೇಲೆ ಏನೋ ನೆನೆಸಿಕೊಂಡು ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದರು.

“ಆದ್ರೂ ರಫೀಕ, ಮೊದಲ ಸಲ ಎಳೆದಾಗ ಬೆಣ್ಣೆ ಏನು ನೀಟಾಗಿ ಹರಡ್ತು ಅಂತೀಯ! ಅಂಚಿನಿಂದ ಅಂಚಿಗೆ.”

“ಸಾರ್ ಏನಂದ್ರು?” ಎಂದೆ.

“ಚೆನ್ನಾಗೈತೆ ಅಂದ್ರು” ಅಂದರು ಅಜ್ಜಿ. “ಆಮ್ಯಾಲೆ ಕರಗ್ತು.”